ಬೇಸಗೆಯ ಬಿಡುವು

ಮಾರ್ಚ್ ಕಳೆದು ಏಪ್ರಿಲ್ ತಿಂಗಳು ನಡೆಯುತ್ತಿರುವಂತೆ ಶಾಲೆಯ ಗಂಟೆ ಮೌನವಾಗುತ್ತದೆ. ಪರೀಕ್ಷೆಯ ಭಯ ನೀಗಿದ ಮಕ್ಕಳಿಗೆ ಹಗಲು ಒಮ್ಮೆಲೇ ಉದ್ದವಾದಂತೆ ತೋರುತ್ತದೆ. ಮೊದಲ ನಾಲ್ಕು ದಿನ ರಜೆಯೇ ಒಂದು ಹಬ್ಬ. ಐದನೆಯ ದಿನಕ್ಕೆ, "ಏನು ಮಾಡಲಿ, ಹೊತ್ತೇ ಹೋಗದು" ಎಂಬ ಮಾತು ಬಾಯಿಗೆ ಬಂದಿರುತ್ತದೆ. ದುಡಿಯುವುದನ್ನು ಮನುಷ್ಯ ಕಲಿಯಬೇಕು ಎಂಬುದನ್ನು ಎಲ್ಲರೂ ಬಲ್ಲರು. ಬಿಡುವನ್ನು ಬಳಸುವುದನ್ನೂ ಕಲಿಯಬೇಕು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜನರು ತಮ್ಮ ಬೇಸಗೆಯನ್ನು ಕಳೆದ ಬಗೆಯಲ್ಲಿ ಈ ಕಲಿಕೆಗೆ ಬೇಕಾದ ಪಾಠವಿದೆ.

ಇದು ಮಳೆ ಕಡಿಮೆಯಾದ ಬಯಲುಸೀಮೆ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರಿನ ಮೋಡಗಳು ಸಹ್ಯಾದ್ರಿಯ ಮೇಲೆಯೇ ತಮ್ಮ ಭಾರವನ್ನು ಇಳಿಸಿ, ಇಲ್ಲಿಗೆ ಬರುವ ವೇಳೆಗೆ ಹಗುರವಾಗಿರುತ್ತವೆ. ದುರ್ಗದ ಸುತ್ತಲಿನ ಬಂಡೆಗಳು ಹಗಲೆಲ್ಲ ಹೀರಿದ ಬಿಸಿಲನ್ನು ಇರುಳು ಕವಿದ ಮೇಲೂ ಉಸಿರಾಡುತ್ತಿರುತ್ತವೆ. ಆದುದರಿಂದ ಇಲ್ಲಿ ಬೇಸಗೆಯ ದಿನಕ್ಕೆ ಎರಡು ತುದಿಗಳಲ್ಲಿ ಮಾತ್ರ ಚೈತನ್ಯ. ನಡುಹಗಲು ಮನೆಯೊಳಗೆ ಕಳೆಯಬೇಕಾದ ಹೊತ್ತು. ಆಗ ಚೌಕಾಬಾರ, ಅಳಿಗುಳಿಮಣೆಗಳ ಆಟ. ಜೊತೆಗೆ ಹುಣಿಸೆಹಣ್ಣಿನ ಬೀಜ ತೆಗೆಯುವ, ಹಪ್ಪಳ ಸಂಡಿಗೆ ಕಾಯುವ ಕೆಲಸ. ರಾತ್ರಿ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿ, ಚುಕ್ಕಿಗಳನ್ನು ನೋಡುತ್ತ ಮಲಗಿದರೆ ಅಜ್ಜಿಯ ಕಥೆ ತಾನಾಗಿ ಮೊದಲಾಗುತ್ತಿತ್ತು. ಒಬ್ಬರು ಹೇಳುವ ಕಥೆಯನ್ನು ಹತ್ತು ಜನ ಕೇಳುತ್ತಿದ್ದರು. ಈ ನಾಡಿನ ಬಿಡುವಿನ ಮೊದಲ ಗುಣವೇ ಇದು: ಅದು ಒಬ್ಬರ ಸೊತ್ತಾಗಿರಲಿಲ್ಲ.

ಚಿತ್ರದುರ್ಗದವರಿಗೆ ವಿಹಾರವೆಂದರೆ ಮೊದಲು ನೆನಪಾಗುವುದು ಏಳು ಸುತ್ತಿನ ಕೋಟೆ. ನೆಂಟರು ಬಂದರೆ ಬೆಳಗಿನ ತಂಪಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಕೋಟೆ ಹತ್ತುವುದು ವಾಡಿಕೆ. ಪಾಳೆಯಗಾರರ ವಂಶದ ಕೊನೆಯ ಮದಕರಿನಾಯಕನಿಂದ ಹೈದರಾಲಿಯು 1779ರಲ್ಲಿ ಈ ದುರ್ಗವನ್ನು ಗೆದ್ದುಕೊಂಡ ಚರಿತ್ರೆಯನ್ನು ನೀವು ಓದಿರುತ್ತೀರಿ. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ತಂದೆ ಅದೇ ಕಥೆಯನ್ನು ಹೇಳಿದಾಗ, ಪುಸ್ತಕದಲ್ಲಿ ಕಾಣದಿದ್ದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆ ಕಿಂಡಿ ಎಷ್ಟು ಕಿರಿದು! ಒಬ್ಬೊಬ್ಬರಾಗಿಯೇ ಬಗ್ಗಿ ನುಸುಳಬೇಕು. ಒಬ್ಬ ಹೆಂಗಸಿಗೆ ಒಂದು ಒನಕೆ ಹೇಗೆ ಸಾಕಾಯಿತು ಎಂಬುದು ಆಗ ಅರ್ಥವಾಗುತ್ತದೆ. ಇನ್ನೂ ಮೇಲೆ ಹೋದರೆ ಬಯಲಿನಲ್ಲಿ ಕಲ್ಲಿನ ಉಯ್ಯಾಲೆ ಕಂಬ ನಿಂತಿದೆ. ಯುದ್ಧಕ್ಕಾಗಿ ಕಟ್ಟಿದ ಕೋಟೆಯಲ್ಲಿಯೂ ಉಯ್ಯಾಲೆಗೆ ಒಂದು ಸ್ಥಳವನ್ನು ಮೀಸಲಿಟ್ಟಿದ್ದರು ಎಂಬುದು ಯೋಚಿಸತಕ್ಕ ವಿಷಯ.

ಕೋಟೆಯ ಹೊಂಡಗಳನ್ನು ನೋಡದೆ ಯಾರೂ ಇಳಿಯಬಾರದು. ಬಂಡೆಗಳ ಮೇಲೆ ಬಿದ್ದ ಮಳೆನೀರು ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡವನ್ನು ಸೇರುತ್ತದೆ. ಅದು ತುಂಬಿ ಮಿಕ್ಕ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ತಗ್ಗಿನ ಹೊಂಡಗಳಿಗೆ ಹರಿದು, ಕಡೆಗೆ ಊರನ್ನು ಮುಟ್ಟುತ್ತದೆ. ಮೇಲಿನದು ತುಂಬದೆ ಕೆಳಗಿನದಕ್ಕೆ ನೀರಿಲ್ಲ. ಮೇಲಿನದು ತುಂಬಿದ ಮೇಲೆ ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಬರದ ಸೀಮೆಯ ಜನ ನೀರನ್ನು ಹಂಚಿಕೊಂಡ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮುಂದೆ ಅದು ಬೇಕಾಗುತ್ತದೆ.

ಕೋಟೆಯಿಂದ ಇಳಿದವರಿಗೆ ಸಂಜೆಗೆ ಮತ್ತೊಂದು ಆಕರ್ಷಣೆಯಿತ್ತು. ಅದು ಸಿನಿಮಾ. ಪಟ್ಟಣದಲ್ಲಿ ಚಿತ್ರಮಂದಿರಗಳಿದ್ದವು, ಸಣ್ಣ ಊರುಗಳಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಊರ ಹೊರಗಿನ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಸಿತೆಂದರೆ ಟಿಕೀಟು ಕೊಡಲು ಪ್ರಾರಂಭಿಸಿದರೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿ. ನೆಲದಲ್ಲಿ ಕುಳಿತವರು ಮರಳನ್ನು ಗುಡ್ಡೆ ಮಾಡಿ ಅದನ್ನೇ ಸಿಂಹಾಸನವಾಗಿಸಿಕೊಳ್ಳುತ್ತಿದ್ದರು. ಪ್ರಕ್ಷೇಪಕ ಯಂತ್ರ ಒಂದೇ ಇದ್ದಲ್ಲಿ, ರೀಲು ಮುಗಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ಆಗ ದೀಪ ಹತ್ತಿಕೊಂಡು ಕಡಲೆಕಾಯಿ ಮಾರುವವನ ಕೂಗು ಏಳುತ್ತಿತ್ತು. ಅಲ್ಲಿಯವರೆಗಿನ ಕಥೆಯನ್ನು ಕುರಿತು ಊರಿಗೆ ಊರೇ ಚರ್ಚೆ ಮಾಡುತ್ತಿತ್ತು. ಮಳೆಗಾಲ ಸಮೀಪಿಸಿದರೆ ಡೇರೆಯನ್ನು ಕೀಳುತ್ತಿದ್ದರು. ಹೀಗಾಗಿ ಡೇರೆಯ ಸಿನಿಮಾ ಬಹುಮಟ್ಟಿಗೆ ಬೇಸಗೆಯ ಸುಖವೇ ಆಗಿತ್ತು. ಆ ಡೇರೆಗಳು ಈಗ ಮರೆಯಾಗಿವೆ.

ಒಂದು ವರ್ಷ ಸಿನಿಮಾವೇ ದುರ್ಗವನ್ನು ಹುಡುಕಿಕೊಂಡು ಬಂದಿತು. ತಳುಕಿನ ಮನೆತನದ ತ.ರಾ.ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು ನಿರ್ದೇಶಿಸಿದ 'ನಾಗರಹಾವು' 1972ರ ಡಿಸೆಂಬರಿನಲ್ಲಿ ತೆರೆಕಂಡಿತು. ದಿನವೂ ನೋಡುತ್ತಿದ್ದ ತಮ್ಮ ಕೋಟೆಯ ಬಂಡೆಗಳನ್ನು ಬೆಳ್ಳಿತೆರೆಯ ಮೇಲೆ ಕಂಡು ದುರ್ಗದ ಜನ ಬೆರಗಾದರು. ಅದೇ ಲೇಖಕರ 'ಹಂಸಗೀತೆ'ಯನ್ನು ಜಿ.ವಿ.ಅಯ್ಯರ್ ಅವರು 1975ರಲ್ಲಿ ಚಿತ್ರವನ್ನಾಗಿಸಿದರು. ಅದು ದುರ್ಗದ ಒಬ್ಬ ಸಂಗೀತಗಾರನ ಕಥೆ. ಅದರ ಗಾಯನಕ್ಕಾಗಿ ಎಂ.ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಸಿನಿಮಾ ನೋಡಲು ಹೋದವರು ಶಾಸ್ತ್ರೀಯ ಸಂಗೀತವನ್ನು ಕೇಳಿ ಬಂದರು. ಒಳ್ಳೆಯ ಮನರಂಜನೆ ನಮ್ಮನ್ನು ಹೀಗೆ ಅರಿವಿಲ್ಲದಂತೆಯೇ ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತದೆ.

ಸಂಗೀತಕ್ಕೂ ಬೇಸಗೆಗೂ ನಮ್ಮ ನಾಡಿನಲ್ಲಿ ಹಳೆಯ ನಂಟು. ಶ್ರೀರಾಮನವಮಿ ಬಂದಿತೆಂದರೆ ಪಾನಕ ಕೋಸಂಬರಿಗಳ ಜೊತೆಗೆ ಚಪ್ಪರದ ಕೆಳಗೆ ಕಚೇರಿಯೂ ಭಜನೆಯೂ ನಡೆಯುತ್ತವೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಮೊದಲಾದ ರಾಮನವಮಿ ಸಂಗೀತೋತ್ಸವವು ದೇಶದ ದೊಡ್ಡ ವಿದ್ವಾಂಸರನ್ನು ಸಾಮಾನ್ಯ ಜನರ ಮುಂದೆ ತಂದು ಕೂರಿಸಿತು. ನಮ್ಮ ಹಳ್ಳಿಗಳಲ್ಲಿ ಅಂಥ ವಿದ್ವಾಂಸರಿರಲಿಲ್ಲ. ಹಾಡು ಮಾತ್ರ ಎಂದೂ ಬತ್ತಲಿಲ್ಲ. ಸುಗ್ಗಿ ಮುಗಿಸಿದ ರೈತರು ಮೂಡಲಪಾಯದ ಪ್ರಸಂಗವೊಂದನ್ನು ತಿಂಗಳುಗಟ್ಟಲೆ ಕಲಿತು, ಮುಖವೀಣೆ ಮದ್ದಳೆಗಳೊಡನೆ ಬೆಳಗಿನವರೆಗೆ ಆಡುತ್ತಿದ್ದರು. ನಿನ್ನೆ ನೇಗಿಲು ಹಿಡಿದವನು ಇಂದು ಕಿರೀಟ ತೊಟ್ಟ ಅರ್ಜುನ. ನೆರೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಸಾವಿರಾರು ಜನಪದ ಗೀತೆಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡಿದರು. ಆ ಹಾಡುಗಳು ಅವರಿಗೆ ಬಂದುದು ಹಿರಿಯ ಹೆಂಗಸರು ಹಾಡುವಾಗ ಪಕ್ಕದಲ್ಲಿ ಕುಳಿತು ಕೇಳಿದುದರಿಂದ.

ಈ ಪರಂಪರೆ ಹೊಸ ರೂಪ ತಾಳಿರುವುದನ್ನು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನೋಡಬಹುದು. ಅಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘವೂ, 1997ರಲ್ಲಿ 'ಶಿವಸಂಚಾರ' ಎಂಬ ನಾಟಕ ತಂಡವೂ ಹುಟ್ಟಿದವು. ನವೆಂಬರಿನಲ್ಲಿ ಅಲ್ಲಿನ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುತ್ತದೆ. ಅನಂತರ ತಂಡ ನಾಡಿನ ಊರೂರುಗಳನ್ನು ಸುತ್ತುತ್ತದೆ. ನಾಟಕವನ್ನು ನೋಡಲು ಹಳ್ಳಿಯವರು ನಗರಕ್ಕೆ ಹೋಗಬೇಕೆಂಬ ನಿಯಮವನ್ನು ಆ ಪುಟ್ಟ ಹಳ್ಳಿ ಬುಡಮೇಲು ಮಾಡಿತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯದು ಇನ್ನೊಂದು ಬಗೆ. 'ತಿರುಕ' ಎಂಬ ಕಾವ್ಯನಾಮದಿಂದ ಬರೆದ ಶ್ರೀ ರಾಘವೇಂದ್ರ ಸ್ವಾಮೀಜಿಯವರು ಜೋಳಿಗೆ ಹಿಡಿದು ಅಲ್ಲಿ ಅನಾಥ ಸೇವಾಶ್ರಮವನ್ನು ಬೆಳೆಸಿದರು. 1996ರಲ್ಲಿ ಕಾಲವಾಗುವವರೆಗೂ ಯೋಗ ವ್ಯಾಯಾಮಗಳನ್ನು ಸಾವಿರಾರು ಜನರಿಗೆ ಕಲಿಸಿದರು. ಬಿಡುವಿನಲ್ಲಿ ಮೈಯನ್ನು ಹದಗೊಳಿಸುವುದೂ ಒಂದು ಸಂತೋಷ ಎಂಬುದು ಅವರ ಬಾಳಿನಿಂದ ತಿಳಿಯುತ್ತದೆ.

ಇಷ್ಟಾದರೂ ನೀರನ್ನು ನೋಡದೆ ಬಯಲುಸೀಮೆಯವರ ಬೇಸಗೆ ಪೂರ್ಣವಾಗದು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರಕ್ಕೆ ಹೋಗಿ ಬರುವುದು ಸುತ್ತಣ ಕುಟುಂಬಗಳ ಮೆಚ್ಚಿನ ವಿಹಾರ. ಮೈಸೂರು ಸಂಸ್ಥಾನವು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಡಳಿತದಲ್ಲಿದ್ದಾಗ ಮೊದಲಾದ ಈ ಕಟ್ಟೆ 1907ರಲ್ಲಿ ಮುಗಿಯಿತು. ಇದರಲ್ಲಿ ಸುಮಾರು 30 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಕಣಿವೆ ಮಾರಮ್ಮನಿಗೆ ಕೈಮುಗಿದು, ಕಟ್ಟೆಯ ಮೇಲೆ ನಡೆದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಚಿತ್ರಾನ್ನಕ್ಕೂ ಮೊಸರನ್ನಕ್ಕೂ ಮನೆಯಲ್ಲಿಲ್ಲದ ರುಚಿ ಬರುತ್ತದೆ. ನೀರಿನ ಆಳವನ್ನರಿಯದೆ ಇಳಿಯುವ ಸಾಹಸ ಮಾತ್ರ ಸಲ್ಲದು. ವಿಹಾರ ಶೋಕದಲ್ಲಿ ಮುಗಿಯಬಾರದು.

ಜಲಾಶಯದ ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ತಲೆಮಾರುಗಳು ಕಳೆದರೂ ಅದು ಮತ್ತೆ ತುಂಬಲಿಲ್ಲ. ಮಕ್ಕಳು ಬೇಸಗೆಯಲ್ಲಿ ಬಂದು ತಳ ಕಂಡ ಜಲಾಶಯವನ್ನು ನೋಡಿದ ವರ್ಷಗಳೂ ಇದ್ದವು. ಹಿರಿಯರು ಕೋಡಿಯನ್ನು ತೋರಿಸಿ, "ಒಮ್ಮೆ ಇಲ್ಲಿ ನೀರು ಹರಿದಿತ್ತಂತೆ" ಎನ್ನುತ್ತಿದ್ದರು. ಕೇಳಿದವರು ಮುದುಕರಾದರು. ಭದ್ರಾ ನದಿಯ ನೀರನ್ನೂ ಇಲ್ಲಿಗೆ ಹರಿಸತೊಡಗಿದ ಮೇಲೆ, ಒಳ್ಳೆಯ ಮಳೆಯೂ ಕೂಡಿಬಂದು, 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ, ಕೋಡಿಯಲ್ಲಿ ನೀರು ಧುಮುಕಿತು. ಜನ ತಂಡೋಪತಂಡವಾಗಿ ಬಂದರು. ತಂದೆಯಿಂದ ಕೇವಲ ಕೇಳಿದ್ದನ್ನು ಮೊಮ್ಮಕ್ಕಳ ಕೈ ಹಿಡಿದು ಕಣ್ಣಾರೆ ಕಾಣುವ ಭಾಗ್ಯ ಹಿರಿಯರಿಗೆ ಒದಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಎಂದೋ ಒಂದು ವಿಹಾರದಲ್ಲಿ ಹಿರಿಯರು ಬೆರಳು ತೋರಿಸಿ ಆಡಿದ ಮಾತೇ ಇಲ್ಲದಿದ್ದರೆ, ಆ ನೀರು ನೋಡುವವರಿಗೆ ಬರಿಯ ನೀರಾಗಿರುತ್ತಿತ್ತು.

ಈಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಮಾರಿಕಣಿವೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವಲ್ಲ, ಆ ಬುತ್ತಿಯನ್ನು ಕಟ್ಟಿದವರು ಯಾರು? ಎಲ್ಲರೂ ಮಲಗಿದ್ದಾಗ, ಬೆಳಗಿನ ಜಾವಕ್ಕೆ ಎದ್ದು ಒಲೆ ಹೊತ್ತಿಸಿದವರು ಯಾರು? ಮನೆಗೆ ಮರಳಿದ ಮೇಲೆ ಪಾತ್ರೆ ತೊಳೆದವರು ಯಾರು? ಮಕ್ಕಳಿಗೆ ಎರಡು ತಿಂಗಳ ರಜೆ ಬರುತ್ತದೆ. ತಾಯಿಗೆ ಅದೇ ಎರಡು ತಿಂಗಳು ಕೆಲಸ ಹೆಚ್ಚುತ್ತದೆ. ಡೇರೆಯಲ್ಲಿ ರೀಲು ಸುತ್ತುತ್ತಿದ್ದವನಿಗೆ, ಚಪ್ಪರ ಕಟ್ಟಿದವನಿಗೆ, ಹಬ್ಬದ ದಿನವೂ ಬಸ್ಸು ನಡೆಸುವವನಿಗೆ ನಮ್ಮ ಬಿಡುವೇ ದುಡಿಮೆಯ ವೇಳೆ. ನಿಮ್ಮಲ್ಲಿಯೇ ಎಷ್ಟೋ ಮಂದಿ ರಜೆ ಬಂದೊಡನೆ ತೋಟಕ್ಕೋ ಅಂಗಡಿಗೋ ಕೆಲಸಕ್ಕೆ ಹೋಗುವವರಿರಬಹುದು. ಬಿಡುವು ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಈ ಅರಿವು ಇಲ್ಲದ ಸಂತೋಷ ಅರ್ಧ ಸಂತೋಷ.

ಇನ್ನೊಂದು ಬದಲಾವಣೆಯೂ ನಮ್ಮ ಕಣ್ಣೆದುರಿಗೆ ನಡೆದಿದೆ. ಸಿನಿಮಾ, ಸಂಗೀತ, ಆಟಗಳೆಲ್ಲವೂ ಅಂಗೈಯಗಲದ ಮೊಬೈಲಿನೊಳಗೆ ಬಂದು ಕುಳಿತಿವೆ. ಅದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಹಿಂದೆ ಹಳ್ಳಿಯ ಹುಡುಗ ಕೇಳಲಾರದಿದ್ದ ಗಾಯನವನ್ನು ಇಂದು ಅವನು ಕೇಳಬಲ್ಲ. ಆದರೆ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಮೂಲೆಗಳಲ್ಲಿ ಕುಳಿತು ನಾಲ್ಕು ತೆರೆಗಳನ್ನು ನೋಡಿದರೆ, ಮಾಳಿಗೆಯ ಮೇಲಿನ ಕಥೆಯನ್ನು ಯಾರು ಯಾರಿಗೆ ಹೇಳಬೇಕು? ಕಥೆ ನಿಲ್ಲುವುದು ಹೇಳುವವರು ಇಲ್ಲದೆ ಅಲ್ಲ, ಕೇಳುವವರು ಇಲ್ಲದೆ. ಒಂದು ಒಳ್ಳೆಯ ಹಾಡು ಸಿಕ್ಕರೆ ಅದನ್ನು ಅಜ್ಜಿಗೂ ಕೇಳಿಸಿರಿ. ಅವರು ಪ್ರತಿಯಾಗಿ ಒಂದು ಸೋಬಾನೆಯನ್ನು ಹೇಳಿಕೊಟ್ಟಾರು.

ಕೋಟೆಯ ಹೊಂಡಗಳನ್ನು ಈಗ ನೆನೆಯಿರಿ. ತನ್ನಲ್ಲಿ ತುಂಬಿದುದನ್ನು ಮೇಲಿನ ಹೊಂಡ ಕೆಳಗಿನದಕ್ಕೆ ಬಿಟ್ಟುಕೊಟ್ಟಿತು. ಆದುದರಿಂದ ದುರ್ಗ ಬರಗಾಲದಲ್ಲಿಯೂ ಬದುಕಿತು. ಬಿಡುವೂ ಹಾಗೆಯೇ ಹರಿಯಬೇಕು. ಹಿರಿಯರ ನೆನಪು ಕಿರಿಯರಿಗೆ ಇಳಿಯಬೇಕು. ಮಕ್ಕಳಿಗೆ ದೊರೆತ ಹೊತ್ತಿನಲ್ಲಿ ಒಂದು ಪಾಲು ತಾಯಿಗೆ ಸೇರಬೇಕು. ಈ ಬೇಸಗೆಯಲ್ಲಿ ನೀವು ವಿಹಾರಕ್ಕೆ ಹೊರಡುವ ದಿನ, ಬೆಳಗಿನ ಜಾವಕ್ಕೆ ನೀವೂ ಏಳಿರಿ; ಬುತ್ತಿ ಕಟ್ಟುವುದರಲ್ಲಿ ಕೈ ನೀಡಿರಿ. ಮರದ ನೆರಳಿನಲ್ಲಿ ತಾಯಿ ನಿಮ್ಮೊಡನೆ ನಿಶ್ಚಿಂತೆಯಿಂದ ಕುಳಿತು ನೀರನ್ನು ನೋಡುವಂತಾದರೆ, ಅಂದಿನ ಬಿಡುವು ಸಾರ್ಥಕವಾಯಿತೆಂದು ತಿಳಿಯಬಹುದು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಯಲುಸೀಮೆಯಲ್ಲಿ ಮಳೆ ಕಡಿಮೆಯಾಗಲು ಕಾರಣವೇನು?
2. ಟೂರಿಂಗ್ ಟಾಕೀಸಿನ ಡೇರೆಯನ್ನು ಯಾವಾಗ ಕೀಳುತ್ತಿದ್ದರು?
3. ವಾಣಿವಿಲಾಸ ಸಾಗರವನ್ನು ಯಾವ ನದಿಗೆ ಅಡ್ಡಲಾಗಿ ಕಟ್ಟಲಾಗಿದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಚಿತ್ರದುರ್ಗದ ಕೋಟೆಯಲ್ಲಿ ನೀರು ಒಂದು ಹೊಂಡದಿಂದ ಇನ್ನೊಂದಕ್ಕೆ ಹರಿಯುವ ಕ್ರಮವನ್ನು ವಿವರಿಸಿರಿ.
2. 2022ರಲ್ಲಿ ಕೋಡಿ ಬಿದ್ದುದು ಹಿರಿಯರಿಗೆ ಏಕೆ ವಿಶೇಷವಾಗಿ ತೋರಿತು?
3. "ಈ ಅರಿವು ಇಲ್ಲದ ಸಂತೋಷ ಅರ್ಧ ಸಂತೋಷ." ಈ ಮಾತನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿರಿ.

ಇ) ನಿಮ್ಮ ಮನೆಯ ಹಿರಿಯರು ಬಾಲ್ಯದಲ್ಲಿ ಬೇಸಗೆಯನ್ನು ಹೇಗೆ ಕಳೆದರೆಂದು ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.