ಹಿಮದ ನಾಡು, ನಾಯಿಯ ಬಂಡಿ

ಮುಂಬಯಿಯಲ್ಲಿ ವಾಸಿಸುವ ನಮಗೆ ಚಳಿಗಾಲವೆಂಬುದು ಹೆಸರಿಗೆ ಮಾತ್ರ. ಬೆಳಗಿನ ಶಾಲೆಗೆ ಬರುವಾಗ ಕೆಲವು ದಿನ ಒಂದು ಸ್ವೆಟರು ಸಾಕು. ಹತ್ತು ಗಂಟೆಯಾಗುವಷ್ಟರಲ್ಲಿ ಅದೂ ಬೇಡವೆನಿಸುತ್ತದೆ. ಆದರೆ ವರ್ಷದ ಬಹುಭಾಗವನ್ನು ಚಳಿಗಾಲವೇ ಆಳುವ ನಾಡುಗಳೂ ಈ ಭೂಮಿಯ ಮೇಲೆ ಇವೆ. ಅಲ್ಲಿ ಮನುಷ್ಯನು ಹೇಗೆ ಬಾಳುವನು, ಯಾರ ನೆರವಿನಿಂದ ಬಾಳುವನು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ. ಓದುವಾಗ ಶಾಲೆಯ ಭೂಪಟವನ್ನು ಎದುರಿಗೆ ಹರಡಿಕೊಂಡರೆ ಒಳ್ಳೆಯದು.

ನಾಡು ಮತ್ತು ಚಳಿ

ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯಲ್ಲಿ ಅಲಾಸ್ಕವೆಂಬ ನಾಡಿದೆ. 1867ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನವು ಇದನ್ನು ರಶಿಯಾದಿಂದ ಕ್ರಯಕ್ಕೆ ಪಡೆಯಿತು. 1959ರಲ್ಲಿ ಇದು ಆ ದೇಶದ 49ನೆಯ ರಾಜ್ಯವಾಯಿತು. ವಿಸ್ತಾರದಲ್ಲಿ ಇದು ಭಾರತದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆಯಾದರೋ ಎಂಟು ಲಕ್ಷವನ್ನೂ ಮುಟ್ಟದು. ನಾಡಿನ ನಡುವಣ ಫೇರ್‌ಬ್ಯಾಂಕ್ಸ್ ಪಟ್ಟಣದಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯನು ದಿನಕ್ಕೆ ನಾಲ್ಕು ಗಂಟೆಯಷ್ಟು ಕಾಲವೂ ಕಾಣಿಸಿಕೊಳ್ಳುವುದಿಲ್ಲ. ತೀರ ಉತ್ತರದ ತೀರದಲ್ಲಿ ಸುಮಾರು ಎರಡು ತಿಂಗಳು ಸೂರ್ಯೋದಯವೇ ಆಗುವುದಿಲ್ಲ. ಒಳನಾಡಿನಲ್ಲಿ ಉಷ್ಣತೆಯು ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಇದು ಸೆಲ್ಸಿಯಸ್ ಲೆಕ್ಕವೋ ಫ್ಯಾರನ್‌ಹೀಟ್ ಲೆಕ್ಕವೋ ಎಂದು ನೀವು ಕೇಳಬಹುದು. ಸೊನ್ನೆಯ ಕೆಳಗಿನ 40ರಲ್ಲಿ ಎರಡು ಮಾಪಕಗಳೂ ಒಂದೇ ಅಂಕಿಯನ್ನು ತೋರಿಸುತ್ತವೆ. ಲೆಕ್ಕ ಹಾಕಿ ನೋಡಿರಿ.

ಇಂಥ ಚಳಿಯಲ್ಲಿ ಜನರು ಮನೆಯೊಳಗೆ ಮುದುರಿ ಕುಳಿತಿರುವರೆಂದು ನಾವು ಭಾವಿಸುವುದು ಸಹಜ. ವಸ್ತುಸ್ಥಿತಿಯು ಹಾಗಿಲ್ಲ. ಬೇಸಗೆಯಲ್ಲಿ ಅಲ್ಲಿಯ ನೆಲದ ಬಹುಭಾಗವು ಕಾಲಿಟ್ಟರೆ ಕುಸಿಯುವ ಜೌಗು, ಹೊಳೆಗಳಿಗೆ ಸೇತುವೆಗಳಿಲ್ಲ, ಎಷ್ಟೋ ಹಳ್ಳಿಗಳಿಗೆ ಇಂದಿಗೂ ರಸ್ತೆಯಿಲ್ಲ. ಚಳಿಗಾಲವು ಬಂದೊಡನೆ ಜೌಗು ಗಟ್ಟಿಯಾಗುತ್ತದೆ, ಹೊಳೆಗಳು ಹೆಪ್ಪುಗಟ್ಟಿ ತಾವೇ ರಾಜಮಾರ್ಗಗಳಾಗುತ್ತವೆ. ಆದುದರಿಂದ ಸೌದೆ ತರುವುದು, ಬೇಟೆಗೆ ಹೋಗುವುದು, ದೂರದ ಊರಿನ ನೆಂಟರನ್ನು ಕಾಣುವುದು, ಟಪ್ಪಾಲು ಸಾಗಿಸುವುದು ಇವೆಲ್ಲ ಬಹುಕಾಲದಿಂದ ಚಳಿಗಾಲದ ಕೆಲಸಗಳೇ ಆಗಿದ್ದುವು. ಈ ಕೆಲಸಗಳಿಗೆ ಆಧಾರವಾಗಿದ್ದುದು ನಾಯಿ.

ಗಾಲಿಯಿಲ್ಲದ ಬಂಡಿ

ಕುದುರೆಯನ್ನು ಬಿಟ್ಟು ನಾಯಿಯನ್ನೇಕೆ ಬಂಡಿಗೆ ಕಟ್ಟಿದರು? ಕುದುರೆಯ ಗೊರಸು ಆಳವಾದ ಹಿಮದಲ್ಲಿ ಹೂತುಹೋಗುತ್ತದೆ. ಅದಕ್ಕೆ ಬೇಕಾದ ಹುಲ್ಲು ಚಳಿಗಾಲದಲ್ಲಿ ಅಲ್ಲಿ ದೊರೆಯದು. ನಾಯಿಯಾದರೋ ಹಗುರ, ಹೊಳೆಯು ಕೊಡುವ ಮೀನನ್ನು ತಿಂದು ಬದುಕುತ್ತದೆ. ಈ ವಿವೇಕವು ಬಹಳ ಹಳೆಯದು. ಸೈಬೀರಿಯದ ಉತ್ತರಕ್ಕಿರುವ ಝೊಖೋವ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ನಾಯಿಗಳ ಎಲುಬುಗಳೂ ಸ್ಲೆಜ್ ಬಂಡಿಯ ತುಂಡುಗಳೂ ದೊರೆತಿವೆ.

ಸ್ಲೆಜ್ ಬಂಡಿಗೆ ಗಾಲಿಗಳಿಲ್ಲ. ಹಿಮದ ಮೇಲೆ ಜಾರುವ ಎರಡು ಉದ್ದನೆಯ ಪಟ್ಟಿಗಳು, ಅವುಗಳ ಮೇಲೆ ಸಾಮಾನಿಡುವ ಚೌಕಟ್ಟು, ಇಷ್ಟೇ ಅದರ ರಚನೆ. ಹಳೆಯ ಬಂಡಿಗಳ ಮರದ ತುಂಡುಗಳನ್ನು ಮೊಳೆ ಹೊಡೆದು ಜೋಡಿಸದೆ ಹಸಿ ತೊಗಲಿನ ದಾರದಿಂದ ಬಿಗಿಯುತ್ತಿದ್ದರು. ಏರುತಗ್ಗಿನ ದಾರಿಯಲ್ಲಿ ಬಂಡಿಯು ಮುರಿಯದೆ ಬಾಗಬೇಕಲ್ಲವೇ? ಬಂಡಿಯ ಮುಂದೆ ಒಂದೇ ಉದ್ದನೆಯ ಹಗ್ಗ. ಅದರ ಎರಡು ಬದಿಗೆ ಜೋಡಿಜೋಡಿಯಾಗಿ ನಾಯಿಗಳು. ಎಲ್ಲಕ್ಕೂ ಮುಂದಿರುವುದು ಮುಂದಾಳು ನಾಯಿ. ಅದರ ಹಿಂದಿನ ಜೋಡಿ ತಿರುವುಗಳಲ್ಲಿ ಹಗ್ಗವನ್ನು ಸರಿಯಾಗಿ ಒಯ್ಯುತ್ತದೆ. ನಡುವಿನವು ಭಾರವನ್ನು ಎಳೆಯುತ್ತವೆ. ಬಂಡಿಗೆ ತೀರ ಹತ್ತಿರವಿರುವ ಕೊನೆಯ ಜೋಡಿ ಬಲಶಾಲಿಯೂ ಶಾಂತಸ್ವಭಾವದ್ದೂ ಆಗಿರಬೇಕು. ಏಕೆಂದರೆ ಬಂಡಿಯ ಕುಲುಕಾಟವೆಲ್ಲ ಮೊದಲು ತಟ್ಟುವುದು ಅದಕ್ಕೇ.

ನಮ್ಮ ಎತ್ತಿಗೆ ಮೂಗುದಾರವುಂಟು, ಕುದುರೆಗೆ ಕಡಿವಾಣವುಂಟು. ಈ ನಾಯಿಗಳಿಗೆ ಅವೆರಡೂ ಇಲ್ಲ. ಬಂಡಿಯ ಹಿಂದೆ ಪಟ್ಟಿಗಳ ಮೇಲೆ ನಿಂತ ಸಾರಥಿಯ ಕೈಯಲ್ಲಿ ಲಗಾಮಿಲ್ಲ, ಅವನಿಗಿರುವುದು ಧ್ವನಿಯೊಂದೇ. 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ ಎಂದು ಮುಂದಾಳು ತಿಳಿದುಕೊಳ್ಳಬೇಕು. ಅದಕ್ಕಿಂತಲೂ ಮುಖ್ಯವಾದ ಗುಣವೊಂದಿದೆ. ಕಾಲಡಿಯ ಹೆಪ್ಪು ತೆಳುವಾಗಿದೆಯೆಂದು ಅರಿತಾಗ, ಒಡೆಯನು ಮುಂದೆ ಹೋಗೆಂದರೂ ಹೋಗದೆ ನಿಲ್ಲುವ ನಾಯಿಯೇ ಉತ್ತಮ ಮುಂದಾಳು. ಮಾತು ಕೇಳುವುದು ಒಂದು ಗುಣ. ಯಾವಾಗ ಕೇಳಬಾರದೆಂದು ತಿಳಿದಿರುವುದು ಅದಕ್ಕಿಂತ ದೊಡ್ಡ ಗುಣ.

ಈ ನಾಯಿಗಳ ದೇಹವನ್ನು ನಿಸರ್ಗವು ಚಳಿಗೆಂದೇ ರೂಪಿಸಿದೆ. ಮೈಮೇಲೆ ಎರಡು ಪದರ ಕೂದಲು: ಒಳಗಿನದು ಮೃದುವಾಗಿ ಒತ್ತಾಗಿದ್ದು ಶಾಖವನ್ನು ಹಿಡಿದಿಡುತ್ತದೆ, ಹೊರಗಿನದು ಉದ್ದವಾಗಿದ್ದು ಹಿಮವನ್ನು ತಡೆಯುತ್ತದೆ. ಪಾದದಲ್ಲಿ ಇಳಿಯುವ ಬಿಸಿರಕ್ತದ ನಾಳಗಳೂ ಏರುವ ತಣ್ಣನೆಯ ರಕ್ತದ ನಾಳಗಳೂ ಒತ್ತೊತ್ತಾಗಿರುವುದರಿಂದ ಶಾಖವು ಹೊರಗೆ ಸೋರದೆ ದೇಹಕ್ಕೇ ಮರಳುತ್ತದೆ. ಮಲಗುವಾಗ ಸುರುಳಿಯಾಗಿ, ಪೊದೆಯಂಥ ಬಾಲದಿಂದ ಮೂಗನ್ನು ಮುಚ್ಚಿಕೊಳ್ಳುತ್ತವೆ. ನಮಗೆ ಭಯಂಕರವೆನಿಸುವ ಸೊನ್ನೆಯ ಕೆಳಗಿನ 20 ಡಿಗ್ರಿಯೇ ಇವುಗಳಿಗೆ ಓಡಲು ಹಿತ. ಹಿಮ ಕರಗುವಷ್ಟು ಬೆಚ್ಚಗಾದರೆ ಇವು ಸೆಕೆಯಿಂದ ಬಳಲುತ್ತವೆ.

ಒಂದು ದಿನದ ಬಾಳು

ಅಲಾಸ್ಕದ ಹಳ್ಳಿಗಾಡಿನಲ್ಲಿ ನಾಯಿಗಳನ್ನು ಸಾಕಿದ ಮನೆಯ ದಿನವು ಕತ್ತಲಲ್ಲೇ ಆರಂಭವಾಗುತ್ತದೆ. ಮೊದಲ ಕೆಲಸ ಒಲೆ ಹೊತ್ತಿಸಿ ನೀರು ಮಾಡುವುದು. ನೀರು ಮಾಡುವುದೆಂದರೆ ಹಿಮವನ್ನು ಕರಗಿಸುವುದು. ಹೊಸ ಹಿಮವಾದರೆ ಪಾತ್ರೆಯ ತುಂಬ ತುಂಬಿದರೂ ತಳದಲ್ಲಿ ಸ್ವಲ್ಪವೇ ನೀರು ನಿಲ್ಲುತ್ತದೆ. ಬರಿಯ ನೀರನ್ನು ನಾಯಿಗಳು ಸಾಕಷ್ಟು ಕುಡಿಯವು. ಆದುದರಿಂದ ಮೀನನ್ನೋ ಕೊಬ್ಬನ್ನೋ ಬೆರೆಸಿ ಬೆಚ್ಚನೆಯ ಸಾರು ಮಾಡಿ ಹಂಚುವರು. ಈ ಮೀನು ಬೇಸಗೆಯ ದುಡಿಮೆಯ ಫಲ. ಯೂಕಾನ್ ಮೊದಲಾದ ನದಿಗಳಲ್ಲಿ ಪ್ರವಾಹದ ಬಲದಿಂದಲೇ ತಿರುಗಿ ಮೀನನ್ನು ಎತ್ತುವ ಚಕ್ರಗಳನ್ನು ಹೂಡಿ, ಸಾಲ್ಮನ್ ಮೀನುಗಳನ್ನು ಹಿಡಿದು, ಸೀಳಿ, ಗಳುಗಳ ಮೇಲೆ ಒಣಹಾಕುತ್ತಿದ್ದರು. ದೀರ್ಘ ಪಂದ್ಯದಲ್ಲಿ ಓಡುವ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿಗಳಷ್ಟು ಆಹಾರ ಬೇಕು. ಅದರ ತೂಕ 20-25 ಕಿಲೋ ಮಾತ್ರ. ಆದರೂ ದುಡಿಯುವ ಒಬ್ಬ ದೊಡ್ಡ ಮನುಷ್ಯನು ಉಣ್ಣುವುದಕ್ಕಿಂತ ಮೂರು ನಾಲ್ಕು ಪಾಲು ಹೆಚ್ಚು ಅದರ ಊಟ!

ಸಾರಥಿಯು ಎದೆಪಟ್ಟಿಗಳನ್ನು ಕೈಗೆತ್ತಿಕೊಂಡೊಡನೆ ಅಂಗಳವೆಲ್ಲ ಎದ್ದು ಕುಣಿಯುತ್ತದೆ. ನಾಯಿಗಳು ನೆಗೆಯುತ್ತವೆ, ಬೊಗಳುತ್ತವೆ, ಊಳಿಡುತ್ತವೆ. ತನ್ನನ್ನು ಬಿಟ್ಟುಹೋಗುವರೇನೋ ಎಂಬ ಆತಂಕ ಒಂದೊಂದಕ್ಕೂ. ಬಂಡಿಯನ್ನು ಮರಕ್ಕೋ ಗೂಟಕ್ಕೋ ಬಲವಾಗಿ ಕಟ್ಟಿರದಿದ್ದರೆ ಒಡೆಯನನ್ನು ಬಿಟ್ಟೇ ಅವು ಓಡಿಹೋದಾವು. ಕಟ್ಟು ಬಿಚ್ಚಿದ ಕ್ಷಣವೇ ಆ ಗದ್ದಲವೆಲ್ಲ ಅಡಗಿ, ಪಟ್ಟಿಗಳು ಹಿಮವನ್ನು ಸವರುವ ಸದ್ದೂ ನಾಯಿಗಳ ಉಸಿರಿನ ಸದ್ದೂ ಮಾತ್ರ ಉಳಿಯುತ್ತವೆ. ಸಾರಥಿಯಾಗುವವನಿಗೆ ಕಲಿಸುವ ಮೊದಲ ಪಾಠ ಇದು: ಬಿದ್ದರೂ ಸರಿ, ಬಂಡಿಯ ಹಿಡಿಯನ್ನು ಬಿಡಬಾರದು.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ನಾಯಿಯನ್ನು ಓಡಿಸುವುದು ಸಾರಥಿಯ ವಿದ್ಯೆಯಲ್ಲ. ಓಡುವುದು ಅದರ ಹುಟ್ಟುಗುಣ. ಎಲ್ಲಿ ತಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂದು ತಿಳಿಯುವುದೇ ಅವನ ವಿದ್ಯೆ. ದಾರಿಯಲ್ಲಿ ನಿಂತಾಗಲೆಲ್ಲ ಅವನು ಬೆರಳುಗಳ ಸಂದಿನಲ್ಲಿ ಹೆಪ್ಪುಗಟ್ಟಿದ ಹಿಮವನ್ನು ಬಿಡಿಸುತ್ತಾನೆ, ಬಿರುಕಿಗೆ ಮುಲಾಮು ಹಚ್ಚುತ್ತಾನೆ, ಬಟ್ಟೆಯ ಪಾದಚೀಲಗಳನ್ನು ತೊಡಿಸುತ್ತಾನೆ. ನಾಯಿಗಳು ತಿಂದು ಮಲಗಿದ ಮೇಲೆಯೇ ಅವನ ಊಟ.

1925ರ ಓಟ

ನಾಯಿಗಳ ಈ ಸಾಮರ್ಥ್ಯವನ್ನು ಜಗತ್ತೇ ಅರಿತುಕೊಂಡದ್ದು 1925ರಲ್ಲಿ. ಅಲಾಸ್ಕದ ಪಶ್ಚಿಮ ತೀರದ ನೋಮ್ ಪಟ್ಟಣದಲ್ಲಿ ಆ ಜನವರಿಯಲ್ಲಿ ಡಿಫ್ತೀರಿಯಾ ಎಂಬ ಗಂಟಲಮಾರಿ ಕಾಣಿಸಿಕೊಂಡಿತು. ಮಕ್ಕಳ ಗಂಟಲಲ್ಲಿ ಪೊರೆ ಬೆಳೆದು ಉಸಿರು ಕಟ್ಟಿಸುವ ಘೋರ ರೋಗವಿದು. ಅದಕ್ಕೆ ಮದ್ದೆಂದರೆ ಕುದುರೆಯ ರಕ್ತದಿಂದ ತಯಾರಿಸುವ ವಿಷಹರ ದ್ರವ, ಅರ್ಥಾತ್ ಸೀರಮ್. ವೈದ್ಯರಾದ ಕರ್ಟಿಸ್ ವೆಲ್ಚ್ ಅವರ ಬಳಿ ಇದ್ದ ದಾಸ್ತಾನು ಅವಧಿ ಮೀರಿದುದಾಗಿತ್ತು. ಸಮುದ್ರ ಹೆಪ್ಪುಗಟ್ಟಿ ಹಡಗುಗಳು ನಿಂತಿದ್ದುವು. ತೆರೆದ ಆಸನದ ಅಂದಿನ ವಿಮಾನಗಳು ಆ ಚಳಿಯಲ್ಲಿ ಹಾರಿ ತಲುಪುವವೆಂಬ ನೆಚ್ಚಿಕೆಯಿರಲಿಲ್ಲ. ಆಂಕರೇಜ್ ನಗರದ ಆಸ್ಪತ್ರೆಯಲ್ಲಿ 3,00,000 ಯೂನಿಟ್‌ಗಳಷ್ಟು ಸೀರಮ್ ದೊರೆಯಿತು. ಅದು ರೈಲಿನಲ್ಲಿ ನೆನಾನಾ ಊರಿನವರೆಗೆ ಬರಬಹುದಿತ್ತು. ಅಲ್ಲಿಂದ ಮುಂದೆ 674 ಮೈಲಿ, ಅಂದರೆ ಸುಮಾರು 1,085 ಕಿಲೋಮೀಟರು. ಮುಂಬಯಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವುದಕ್ಕಿಂತಲೂ ಹೆಚ್ಚು ದೂರ. ಟಪ್ಪಾಲಿನ ಬಂಡಿಗಳಿಗೆ ಈ ದಾರಿ ಸಾಮಾನ್ಯವಾಗಿ ಸುಮಾರು 25 ದಿನಗಳದು. ರೋಗವು ಅಷ್ಟು ದಿನ ಕಾಯುವಂತಿರಲಿಲ್ಲ.

ಆದುದರಿಂದ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋಗುವುದೆಂದು ಗೊತ್ತಾಯಿತು. ಜನವರಿ 27ರ ರಾತ್ರಿ ಬಿಲ್ ಶಾನನ್ ಎಂಬವನು ಮೊದಲ ಬಂಡಿಯಲ್ಲಿ ಹೊರಟನು. ಒಟ್ಟು 20 ಮಂದಿ ಸಾರಥಿಗಳು, ಸುಮಾರು 150 ನಾಯಿಗಳು. ಸಾರಥಿಗಳಲ್ಲಿ ಹಲವರು ಅಥಬಾಸ್ಕನ್ ಮೊದಲಾದ ಮೂಲನಿವಾಸಿ ಜನರು. ಅವರಲ್ಲೊಬ್ಬನಾದ ಚಾರ್ಲಿ ಇವಾನ್ಸನ ಮುಂದಾಳು ನಾಯಿಗಳೆರಡೂ ಚಳಿಗೆ ಕುಸಿದುಬಿದ್ದಾಗ, ಅವನು ತಾನೇ ಹಗ್ಗವನ್ನು ಹೆಗಲಿಗೇರಿಸಿ ಉಳಿದ ನಾಯಿಗಳೊಡನೆ ಎಳೆದನು. ನಾರ್ವೆಯಲ್ಲಿ ಹುಟ್ಟಿದ ಲಿಯೊನಾರ್ಡ್ ಸೆಪ್ಪಲಾ ನೋಮಿನಿಂದ ಎದುರಾಗಿ ಹೊರಟು, ಸೀರಮ್ಮನ್ನು ಪಡೆದು, ನಾರ್ಟನ್ ಕೊಲ್ಲಿಯ ಹೆಪ್ಪಿನ ಮೇಲೆ ಬಿರುಗಾಳಿಯಲ್ಲಿ ಹಿಂದಿರುಗಿದನು. ಅವನ ಮುಂದಾಳು 12 ವರ್ಷದ ಮುದಿ ನಾಯಿ ಟೋಗೋ. ಮದ್ದನ್ನು ಹೊತ್ತು ಇತರರು ಕ್ರಮಿಸಿದುದು ಹೆಚ್ಚೆಂದರೆ ಐವತ್ತರಷ್ಟು ಮೈಲಿ; ಸೆಪ್ಪಲಾ ಮತ್ತು ಟೋಗೋ ಕ್ರಮಿಸಿದುದು 91 ಮೈಲಿ.

ಕೊನೆಯ ಸಾರಥಿ ಗುನ್ನರ್ ಕಾಸೆನ್. ಹಿಮದ ಬಿರುಗಾಳಿಯಲ್ಲಿ ತನಗೆ ತೀರ ಹತ್ತಿರದ ನಾಯಿಗಳೂ ಅವನ ಕಣ್ಣಿಗೆ ಕಾಣಿಸದಾದುವು. ಮನುಷ್ಯನ ಕಣ್ಣು ಸೋತಲ್ಲಿ ಮುಂದಾಳು ಬಾಲ್ಟೋವಿನ ಮೂಗು ಮತ್ತು ಪಾದಗಳು ದಾರಿಯನ್ನು ಬಲ್ಲವಾಗಿದ್ದುವು. ಗಾಳಿಯು ಬಂಡಿಯನ್ನೇ ಮಗುಚಿ ಮದ್ದಿನ ಪೆಟ್ಟಿಗೆಯು ಹಿಮದಲ್ಲಿ ಬಿದ್ದಾಗ ಕಾಸೆನ್ ಬರಿಗೈಯಿಂದ ತಡಕಿ ಅದನ್ನು ಹುಡುಕಿದನು. ಫೆಬ್ರವರಿ 2ರ ಬೆಳಗಿನ ಜಾವ ಐದೂವರೆ ಗಂಟೆಗೆ ಬಂಡಿಯು ನೋಮನ್ನು ತಲುಪಿತು. 25 ದಿನಗಳ ದಾರಿಯು ಐದೂವರೆ ದಿನಗಳೊಳಗೆ ಮುಗಿದಿತ್ತು. ಸೀರಮ್ ಹೆಪ್ಪುಗಟ್ಟಿದ್ದರೂ ಕೆಟ್ಟಿರಲಿಲ್ಲ. ರೋಗದ ಹರಡಿಕೆಯು ಮುರಿಯಿತು. ನೋಮಿನ ಮಕ್ಕಳು ಉಳಿದರು. ಆದರೆ ಓಡಿದ ನಾಯಿಗಳಲ್ಲಿ ಕೆಲವು ದಾರಿಯಲ್ಲೇ ಅಥವಾ ಬಳಿಕ ಸತ್ತುವು.

ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರದ ಉದ್ಯಾನವೊಂದರಲ್ಲಿ ಬಾಲ್ಟೋವಿನ ಪ್ರತಿಮೆಯು ನಿಂತಿತು. ಊರನ್ನು ಪ್ರವೇಶಿಸಿದವನ ಹೆಸರು ಎಲ್ಲರಿಗೂ ತಿಳಿಯಿತು. ದಾರಿಯನ್ನು ಸವೆಸಿದವರ ಹೆಸರುಗಳು ಬಹುಕಾಲ ಮರೆಯಲ್ಲಿ ಉಳಿದುವು. ಟೋಗೋವಿಗೆ ಅದೇ ನಗರದಲ್ಲಿ ಪ್ರತಿಮೆಯಾದುದು 2001ರಲ್ಲಿ. ಮೂಲನಿವಾಸಿ ಸಾರಥಿಗಳನ್ನು ಅಂದಿನ ಪತ್ರಿಕೆಗಳು ವಿಚಾರಿಸಿದ್ದೇ ಕಡಿಮೆ.

ಅನಂತರದ ಕಾಲ

1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ಬಂಡಿಗಳು ಹಳ್ಳಿಗಳಿಗೆ ಬಂದು, ಅಂಗಳಗಳಿಂದ ನಾಯಿಗಳು ಮರೆಯಾಗತೊಡಗಿದುವು. 1963ರಲ್ಲಿ ನಾಯಿಬಂಡಿಯ ಟಪ್ಪಾಲೂ ನಿಂತಿತು. ಈ ವಿದ್ಯೆಯು ನಶಿಸಬಾರದೆಂದು 1973ರಲ್ಲಿ ಆಂಕರೇಜಿನಿಂದ ನೋಮಿಗೆ ಸುಮಾರು 1,000 ಮೈಲಿಗಳ ಇಡಿಟರಾಡ್ ಎಂಬ ಪಂದ್ಯವನ್ನು ಆರಂಭಿಸಿದರು. ಅದರಲ್ಲಿ ನಾಯಿಗಳು ಸತ್ತದ್ದೂ ಉಂಟು. ಅದಕ್ಕಾಗಿ ಟೀಕೆಗಳೂ ಬಂದಿವೆ. ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆ, ಒಮ್ಮೆ 24 ಗಂಟೆಗಳ ಕಡ್ಡಾಯ ವಿಶ್ರಾಂತಿ ಮೊದಲಾದ ನಿಯಮಗಳಿವೆ. ತಾನಾಗಿ ನಿಲ್ಲಲರಿಯದ ಜೀವಿಯನ್ನು ದುಡಿಸಿಕೊಳ್ಳುವವನಿಗೆ ನಿಲ್ಲಿಸುವ ಹೊಣೆಯೂ ಇದೆಯೆಂಬುದನ್ನು ಈ ನಿಯಮಗಳು ನೆನಪಿಸುತ್ತವೆ. ಡೆನಾಲಿ ರಾಷ್ಟ್ರೀಯ ಉದ್ಯಾನದ ರಕ್ಷಕರಾದರೋ ಮೋಟಾರು ಹೋಗಬಾರದ ಕಾಡಿನಲ್ಲಿ ಇಂದಿಗೂ ನಾಯಿಬಂಡಿಯಲ್ಲೇ ಗಸ್ತು ತಿರುಗುತ್ತಾರೆ.

ವಿದ್ಯಾರ್ಥಿಗಳೇ, ಹಗ್ಗದ ಮುಂತುದಿಯಲ್ಲಿ ಓಡುವ ನಾಯಿಯನ್ನು ಎಲ್ಲರೂ ನೋಡುತ್ತಾರೆ. ಬಂಡಿಗೆ ತಾಗಿ ಓಡುವ ಕೊನೆಯ ಜೋಡಿಯನ್ನು ನೋಡುವವರು ಕಡಿಮೆ. ಆದರೆ ಆ ಜೋಡಿಯು ಎಳೆಯದೆ ನಿಂತಿದ್ದರೆ ನೋಮಿಗೆ ಮದ್ದು ಮುಟ್ಟುತ್ತಿರಲಿಲ್ಲ.

ಯೋಚಿಸಿರಿ

1. ಅಲಾಸ್ಕದಲ್ಲಿ ಪ್ರಯಾಣಕ್ಕೆ ಬೇಸಗೆಗಿಂತ ಚಳಿಗಾಲವೇ ಅನುಕೂಲವಾಗಿದ್ದುದು ಏಕೆ?
2. ನೆನಾನಾ ಮತ್ತು ನೋಮ್ ಊರುಗಳನ್ನು ಭೂಪಟದಲ್ಲಿ ಗುರುತಿಸಿರಿ.
3. ಒಳ್ಳೆಯ ಮುಂದಾಳು ನಾಯಿಯು ಒಡೆಯನ ಮಾತನ್ನು ಯಾವಾಗ ಮೀರುತ್ತದೆ? ಅದು ಸರಿಯೇ?
4. 20 ಮಂದಿ ಸಾರಥಿಗಳು ಸೇರಿ ಮಾಡಿದ ಕೆಲಸಕ್ಕೆ ಒಂದೇ ನಾಯಿಯ ಪ್ರತಿಮೆಯನ್ನು ನಿಲ್ಲಿಸಿದುದು ನ್ಯಾಯವೇ? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.