ಡೆಂಗಿಗೆ ಮುಂಚೆ ಶಾಲೆಯ ಡ್ರಮ್ಮು ಉಜ್ಜಿ

ಊರಲ್ಲಿ ಒಬ್ಬರಿಗೆ ಡೆಂಗಿ ಎಂದು ಗೊತ್ತಾದರೆ ಸಾಕು, ಮರುದಿನ ಶಾಲೆಯ ಕಳೆಯೇ ಬದಲಾಗುತ್ತದೆ. ಹಾಜರಿ ಇಳಿಯುತ್ತದೆ. ಮೈ ಬೆಚ್ಚಗಿದೆ ಎಂದ ಮಗುವಿನ ಪಕ್ಕ ಯಾರೂ ಕೂರುವುದಿಲ್ಲ. ಮುಟ್ಟಿದರೆ ಅಂಟುವ ಕಾಯಿಲೆ ಇದಲ್ಲ ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಗೇಟಿನ ಬಳಿ ಪೋಷಕರು ಪ್ಲೇಟ್‌ಲೆಟ್ ಲೆಕ್ಕ ಶುರು ಮಾಡಿರುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: ಹೊಗೆ ಹೊಡೆಸಿ!

ಹೊಗೆ ಸಾಯಿಸುವುದು ಹಾರಾಡುವ ಸೊಳ್ಳೆಯನ್ನು ಮಾತ್ರ. ನೀರಿನೊಳಗಿನ ಹುಳಕ್ಕೆ ಅದು ತಾಗುವುದಿಲ್ಲ.

2024ರಲ್ಲಿ ರಾಜ್ಯದ ಡೆಂಗಿ ಪ್ರಕರಣಗಳು 25 ಸಾವಿರ ದಾಟಿದವು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅಂದರೆ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲೇ.

ದಂಡಿನಶಿವರ, ತಿಪಟೂರು, ಚಿಕ್ಕನಾಯಕನಹಳ್ಳಿ ಸುತ್ತಿನ ಶಾಲೆಗಳು ಮೇ ಕೊನೆಯಲ್ಲೇ ಕೆಲಸ ಹಿಡಿಯಬೇಕು. ಮೊದಲು ಕಾಂಪೌಂಡಿನ ಒಳಗೂ ಹೊರಗೂ ಒಂದು ಸುತ್ತು ಬನ್ನಿ. ತೆಂಗಿನ ಸೀಮೆಯಲ್ಲಿ ಟೈರಿಗಿಂತ ಹೆಚ್ಚು ಮೋಸ ಮಾಡುವುದು ಚಿಪ್ಪು ಮತ್ತು ಎಳನೀರು ಬುರುಡೆ. ಬಿಸಿಯೂಟದ ಕೋಣೆಯ ಹಿಂದೆ ಬಿದ್ದಿರುವ ಚಿಪ್ಪುಗಳನ್ನು ಚೀಲಕ್ಕೆ ತುಂಬಿ ಸೂರಿನಡಿ ಇಡಿ. ಬುರುಡೆಗಳನ್ನು ಸೀಳಿ ಒಣಗಿಸಿ. ಪಕ್ಕದ ತೋಟದವರಿಗೂ ಹೇಳಿ ಕಳಿಸಿ. ಆರ್‌ಸಿಸಿ ಸೂರಿನ ಮೇಲೆ ಗರಿ ಬಿದ್ದು ನೀರಿನ ಕಿಂಡಿ ಕಟ್ಟಿದ್ದರೆ ಬಿಡಿಸಿ. ಇದು ದೊಡ್ಡವರ ಕೆಲಸ, ಮಕ್ಕಳನ್ನು ಸೂರಿಗೆ ಹತ್ತಿಸುವುದಾಗಲಿ, ಸಂಪಿಗೆ ಇಳಿಸುವುದಾಗಲಿ ಖಂಡಿತ ಕೂಡದು.

ಇನ್ನು ಡ್ರಮ್ಮಿನ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ. ಡ್ರಮ್ಮನ್ನು ಬಗ್ಗಿಸಿ ನೀರು ಚೆಲ್ಲಿ, ಮತ್ತೆ ತುಂಬಿಸಿ, ಸ್ವಚ್ಛವಾಯಿತು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಆದರೆ ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒಳಗೋಡೆಗೆ ಅಂಟಿಸಿ. ಚೆಲ್ಲಿದ ನೀರಿನೊಂದಿಗೆ ಮೊಟ್ಟೆ ಹೋಗುವುದಿಲ್ಲ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಏಪ್ರಿಲ್‌ನಲ್ಲಿ ಖಾಲಿ ಮಾಡಿ ಮೂಲೆಗಿಟ್ಟ ಡ್ರಮ್ಮಿಗೆ ಜೂನ್‌ನಲ್ಲಿ ನೀರು ತುಂಬಿದೊಡನೆ ಅದೇ ಮೊಟ್ಟೆ ಒಡೆಯುತ್ತದೆ. ರಜೆಯಿಡೀ ಖಾಲಿ ಇತ್ತಲ್ಲ ಎಂಬ ಧೈರ್ಯ ಬೇಡ. ತೆಂಗಿನ ನಾರೋ ಗಟ್ಟಿ ಬ್ರಷ್ಷೋ ಹಿಡಿದು ಒಳಗೋಡೆಯನ್ನು, ಅದರಲ್ಲೂ ನೀರಿನ ಗೆರೆಯ ಸುತ್ತ, ಬಲವಾಗಿ ಉಜ್ಜಿ. ತೊಳೆದ ನೀರನ್ನು ಚರಂಡಿಗೆ ಬಿಡದೆ ಬಿಸಿಲಿನ ಒಣನೆಲಕ್ಕೆ ಚೆಲ್ಲಿ. ಡ್ರಮ್ಮನ್ನು ಬೋರಲು ಹಾಕಿ ಒಣಗಿಸಿ, ನೀರು ತುಂಬಿದ ಮೇಲೆ ಬಿಗಿಯಾದ ಮುಚ್ಚಳ ಅಥವಾ ಬಟ್ಟೆ ಕಟ್ಟಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಇದೇ ಕೆಲಸ. ಶುಕ್ರವಾರವೆಂದು ಗೊತ್ತುಮಾಡಿಕೊಳ್ಳಿ. ಉಜ್ಜುವ ಮೊದಲು ಒಂದು ಲೋಟ ನೀರಿನಲ್ಲಿ ಕುಣಿಯುವ ಹುಳವನ್ನು ಮಕ್ಕಳಿಗೆ ತೋರಿಸಿ; ಕಣ್ಣಾರೆ ಕಂಡ ಮಗು ಹೆದರುವುದು ಬಿಟ್ಟು ಮನೆಯ ತೊಟ್ಟಿಯನ್ನೂ ಇಣುಕುತ್ತದೆ.

ಮಗುವಿಗೆ ಶಾಲೆಯಲ್ಲೇ ಜ್ವರ ಬಂದರೆ ನೀರು ಕುಡಿಸಿ, ಮನೆಯವರನ್ನು ಕರೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಪಪ್ಪಾಯಿ ಎಲೆ ರಸ ನಂಬಿ ದಿನ ಕಳೆಯಬೇಡಿ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ಗುಣವಾಯಿತೆಂದುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.