ಸೇಡಿನ ಖಡ್ಗವೂ ಶರಣರ ವೀರವ್ರತವೂ

ವೀರಶೈವವೆಂಬ ಹೆಸರಿನ ಆದಿಯಲ್ಲಿಯೇ 'ವೀರ'ಶಬ್ದವಿರುವುದರಿಂದ, ವೀರನೆಂದರೆ ಯಾರೆಂಬುದನ್ನು ಅರಿತುಕೊಳ್ಳುವುದು ಪ್ರತಿಯೊಬ್ಬ ಲಿಂಗವಂತನಿಗೂ ಅವಶ್ಯವಾದುದು. ಅನ್ಯಾಯವನ್ನು ಕಂಡು ಸಿಡಿದೆದ್ದು, ಅದನ್ನೆಸಗಿದವನ ಪ್ರಾಣವನ್ನೇ ತೆಗೆದು ಸೇಡು ತೀರಿಸಿಕೊಂಡವನು ವೀರನೆನಿಸುವನೇ? ಈ ಪ್ರಶ್ನೆಗೆ ಕಲ್ಯಾಣದ ಕಡೆಯ ದಿನಗಳಿಗಿಂತ ಸಮೀಪದ ನಿದರ್ಶನವು ನಮಗೆ ಬೇರೊಂದಿಲ್ಲ.

ಸಮಗಾರ ಹರಳಯ್ಯನವರ ಮಗನಿಗೂ, ಬ್ರಾಹ್ಮಣಕುಲದಿಂದ ಬಂದು ಶರಣರಾದ ಮಧುವರಸರ ಮಗಳಿಗೂ ವಿವಾಹವಾಯಿತೆಂಬುದು ಪರಂಪರೆಯ ಮಾತು. ಲಿಂಗದೀಕ್ಷೆಯಾದ ಮೇಲೆ ಇಬ್ಬರದೂ ಒಂದೇ ಕುಲವೆಂಬುದು ಶರಣರ ನಿಲವು. ವರ್ಣಸಂಕರವಾಯಿತೆಂಬ ದೂರು ಅರಸನಾದ ಬಿಜ್ಜಳನವರೆಗೆ ಹೋಯಿತು. ಅವನು ತಂದೆಯರಿಬ್ಬರ ಕಣ್ಣು ಕೀಳಿಸಿ, ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನು. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ತೆರಳಿದರು. ಇತ್ತ ಜಗದೇವ, ಮೊಲ್ಲೆಯ ಬೊಮ್ಮಯ್ಯ ಮೊದಲಾದವರು ಬಿಜ್ಜಳನನ್ನು ಕೊಂದರು. ಇದು 1167ರ ಸುಮಾರಿನ ಸಂಗತಿ. ವಿವರಗಳಲ್ಲಿ ಪುರಾಣಕ್ಕೂ ಪುರಾಣಕ್ಕೂ ಭೇದವುಂಟು.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವು ಈ ವಧೆಯನ್ನು ಶಿವದ್ರೋಹಿಗೆ ತಕ್ಕ ದಂಡನೆಯೆಂದೇ ಭಾವಿಸುತ್ತದೆ. ಆ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಜಗದೇವನು ಹೊನ್ನಿಗಾಗಲಿ ಮಣ್ಣಿಗಾಗಲಿ ಕೈಯೆತ್ತಿದವನಲ್ಲ; ನಿರಪರಾಧಿಗಳಾದ ಶರಣರ ಹಿಂಸೆಯನ್ನು ಸಹಿಸದೆ ಹೋದವನು. ಅರಸನಿಗಂಜದ ಅವನ ಧೈರ್ಯವು ಅಲ್ಪವಾದುದಲ್ಲ. ಅವನ ಸಂಕಟವು ಸತ್ಯವಾದುದು.

ಆದರೆ ಧೈರ್ಯವೊಂದೇ ವೀರತ್ವವಲ್ಲ. ನಮ್ಮ ಆಚರಣೆಗೆ ಪ್ರಮಾಣವಾದ ವಚನಗಳನ್ನು ವಿಚಾರಿಸಬೇಕು. ಅಂತರಂಗ ಬಹಿರಂಗಗಳ ಶುದ್ಧಿಯನ್ನು ಹೇಳುವಾಗ ಬಸವಣ್ಣನವರು ಕೊಲೆಯೊಡನೆ ಮುನಿಸನ್ನೂ ನಿಷೇಧಿಸಿದ್ದಾರೆ. ತನ್ನ ಮೇಲೆ ಮುನಿದವರಿಗೆ ತಾನು ತಿರುಗಿ ಮುನಿದರೆ ಹಿರಿಮೆಯೂ ಅರಿವೂ ಕೆಡುವವೆಂದೂ, ಮನೆಯೊಳಗಿನ ಕಿಚ್ಚು ನೆರೆಮನೆಗಿಂತ ಮೊದಲು ತನ್ನ ಮನೆಯನ್ನೇ ಸುಡುವುದೆಂದೂ ಬೋಧಿಸಿದ್ದಾರೆ.

ಈ ಮಾತಿನ ಸತ್ಯವನ್ನು ಕಲ್ಯಾಣದಲ್ಲಿಯೇ ಕಾಣಬಹುದು. ಬಿಜ್ಜಳನು ಅಳಿದನು, ಅವನ ಮಗ ಸೋವಿದೇವನು ಪಟ್ಟವೇರಿದನು. ಹರಳಯ್ಯ ಮಧುವರಸರು ಮರಳಿ ಬರಲಿಲ್ಲ. ಅನುಭವಮಂಟಪವು ಬರಿದಾಯಿತು. ಚೆನ್ನಬಸವಣ್ಣನವರು ಅನೇಕ ಶರಣರೊಡನೆ ಉಳವಿಯ ಕಾಡನ್ನು ಸೇರಬೇಕಾಯಿತು. ಅರಸನ ಸೈನ್ಯವು ಬೆನ್ನಟ್ಟಿತೆಂದು ಪರಂಪರೆಯು ಹೇಳುತ್ತದೆ. ಶರಣಧರ್ಮವು ಉಳಿದುದು ಆ ಖಡ್ಗದಿಂದಲ್ಲ, ಕಷ್ಟದಲ್ಲಿಯೂ ಕೈಬಿಡದೆ ಕಾಪಾಡಿಕೊಂಡು ಬಂದ ವಚನದ ಕಟ್ಟುಗಳಿಂದ.

ಹಾಗಾದರೆ ಅನ್ಯಾಯವನ್ನು ಸುಮ್ಮನೆ ಸಹಿಸಬೇಕೇ? ಎಂದಿಗೂ ಇಲ್ಲ. ಕಲ್ಯಾಣದ ನಿಜವಾದ ಬಂಡಾಯಗಾರರು ಹರಳಯ್ಯ ಮಧುವರಸರೇ. ಸಾವಿರ ವರುಷಗಳ ಕಟ್ಟಳೆಯನ್ನು ಅವರು ಒಂದು ಮದುವೆಯ ಚಪ್ಪರದಲ್ಲಿ ಮುರಿದರು. ಯಾರನ್ನೂ ಹಗೆಯೆಂದು ಬಗೆಯಲಿಲ್ಲ. ಪ್ರಾಣ ಹೋಗುವಾಗಲೂ ನಿಷ್ಠೆಯಿಂದ ಹಿಂಜರಿಯಲಿಲ್ಲ. ಅನ್ಯಾಯ ಅಳಿಯಲೆಂದು ಹೋರಾಡುವವನು ಬೇರೆ, ಅನ್ಯಾಯ ಮಾಡಿದವನು ಅಳಿಯಲೆಂದು ಕಾದು ಕುಳಿತವನು ಬೇರೆ. ಮೊದಲನೆಯವನ ದೃಷ್ಟಿ ಧರ್ಮದ ಮೇಲಿರುತ್ತದೆ. ಎರಡನೆಯವನ ದೃಷ್ಟಿಯಲ್ಲಿ ಶತ್ರುವಿನ ಹೊರತು ಮತ್ತೇನೂ ಉಳಿಯುವುದಿಲ್ಲ. ಆದುದರಿಂದ ಜಗದೇವನನ್ನು ದೂಷಿಸುವುದೂ ಸಲ್ಲದು, ಅವನ ಕೃತ್ಯವನ್ನು ಮಾದರಿಯಾಗಿ ಹಿಡಿಯುವುದೂ ಸಲ್ಲದು. ಅವನು ಶೂರನಹುದು, ಆದರೆ ವೀರವ್ರತದ ಪೂರ್ಣತೆ ಆ ಕೃತ್ಯದಲ್ಲಿಲ್ಲ.

ಸಂಸಾರಿಗಳಾದ ಸದ್ಭಕ್ತರಿಗೆ ಈ ವಿಚಾರವು ದೂರದ್ದಲ್ಲ. ಹೊಲದ ಬದುವಿನ ಒಂದು ಗೇಣು ನೆಲಕ್ಕಾಗಿ, ಆಸ್ತಿಯ ಪಾಲಿಗಾಗಿ, ಎಂದೋ ಆಡಿದ ಒಂದು ಮಾತಿಗಾಗಿ ಅಣ್ಣತಮ್ಮಂದಿರು ಮುಖ ನೋಡದಿರುವ ಮನೆಗಳು ಎಷ್ಟಿಲ್ಲ! ತಂದೆಯ ಹಗೆಯನ್ನು ಮಗನು ಆಸ್ತಿಯಂತೆ ಪಡೆಯುತ್ತಾನೆ. ನ್ಯಾಯವಾದುದನ್ನು ಹಿರಿಯರ ಮುಂದೆ ಕೇಳಬೇಕು, ಅವಶ್ಯವಾದರೆ ನ್ಯಾಯಸ್ಥಾನದಲ್ಲಿಯೂ ಕೇಳಬೇಕು, ಅದರಲ್ಲಿ ದೋಷವಿಲ್ಲ. ಆದರೆ ಎದುರಾಳಿಯ ಮನೆ ಹಾಳಾಗಲೆಂಬ ಹಾರೈಕೆಯು ಎದೆಯಲ್ಲಿರುವಾಗ, ಅದೇ ಎದೆಯ ಮೇಲಿನ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸುವುದು ಹೇಗೆ? ದಿನದಿನದ ಲಿಂಗಪೂಜೆಗೆ ಕುಳಿತಾಗ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ. ಮುನಿಸನ್ನು ಗೆದ್ದು ನ್ಯಾಯದಲ್ಲಿ ನಿಂತವನೇ ವೀರನು. ಆ ವೀರತ್ವವು ಸರ್ವರಿಗೂ ಸಾಧ್ಯವಾಗಲಿ.